ಮುಖ ನೋಡಿ ಇಂಜಿನ್ ತರಬೇಡಿ

"ಮನೆಯಲ್ಲಿ ಸಣ್ಣದೊಂದು ರೈಲು ಲೇಔಟ್ ಮಾಡಬೇಕು, ಯಾವ ಇಂಜಿನ್ ತಗೊಳ್ಳಲಿ?" ಅಂತ ಈಚೆಗೆ ಸುಮಾರು ಜನ ಕೇಳುತ್ತಿದ್ದಾರೆ. ಹಲಗೆ ಮೇಲೆ ಪುಟ್ಟ ಹಳಿ ಹಾಸಿ ಕರೆಂಟಿನಲ್ಲಿ ಮಾದರಿ ರೈಲು ಓಡಿಸುವ ಹವ್ಯಾಸ ಇದು, ಹಾಗೆ ಹಾಸಿದ್ದಕ್ಕೇ ಲೇಔಟ್ ಅನ್ನುವುದು. ಇಲ್ಲಿ ಡೊಂಬಿವಲಿಯ ನಮ್ಮ ಕನ್ನಡದವರಲ್ಲೇ ಈ ಹುಚ್ಚು ಹತ್ತಿದವರು ಕೆಲವರಿದ್ದಾರೆ. ಕೇಳುವವರ ಕೈಯಲ್ಲಿ ಮೊಬೈಲ್, ಮೊಬೈಲ್‌ನಲ್ಲಿ ಒಂದು ಫೋಟೊ. ಒಬ್ಬರಿಗೆ ಹುಬ್ಬಳ್ಳಿ ಶೆಡ್ಡಿನ ಡೀಸೆಲ್ ಇಂಜಿನ್ ಥರದ್ದೇ ಬೇಕು. ಇನ್ನೊಬ್ಬರಿಗೆ ದೊಡ್ಡ ಉಗಿ ಇಂಜಿನ್. ಮಕ್ಕಳಿಗೆ ಬುಲೆಟ್ ಟ್ರೇನ್. ಎಲ್ಲರಿಗೂ ನಾನು ಹೇಳುವುದು ಒಂದೇ. ಫೋಟೊ ಆಮೇಲೆ ನೋಡೋಣ, ಮೊದಲು ಇಂಜಿನ್ ಮಗುಚಿ ಹಿಡಿದು ಹೊಟ್ಟೆ ಕೆಳಗೆ ಏನಿದೆ ಅಂತ ನೋಡಿ.

ಯಾಕೆ ಅಂದರೆ ಸಣ್ಣ ಲೇಔಟ್ ಇಂಜಿನ್‌ಗೆ ದೊಡ್ಡ ಪರೀಕ್ಷೆ. ದೊಡ್ಡ ಹಾಲ್‌ನಲ್ಲಿ ಹಾಸಿದ ಹಳಿ ಮೇಲೆ ಗಾಡಿ ಜೋರಾಗಿ ಓಡುತ್ತದೆ, ಎಲ್ಲೋ ಒಂದು ಇಂಚು ಹಳಿ ಕೊಳೆಯಾಗಿದ್ದರೂ ಆ ವೇಗದಲ್ಲೇ ದಾಟಿಬಿಡುತ್ತದೆ. ನಮ್ಮ ನಾಲ್ಕಡಿ ಹಲಗೆ ಮೇಲೆ ಹಾಗಲ್ಲ. ತಿರುವು ಬಿಗಿ, ಎರಡು ಗೇಣಿಗೊಂದು ಪಾಯಿಂಟ್ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಕವಲು), ಗಾಡಿ ಯಾವಾಗಲೂ ನಿಧಾನ. ನಿಲ್ಲಿಸು, ಹಿಂದಕ್ಕೆ ತಳ್ಳು, ಡಬ್ಬಿ ಬಿಡಿಸು, ಮತ್ತೆ ಹೊರಡು. ಇಡೀ ಆಟವೇ ಶಂಟಿಂಗ್. ಇಂಥಲ್ಲಿ ಇಂಜಿನ್ ಪ್ರತಿ ಪಾಯಿಂಟ್ ಮೇಲೂ ಸತ್ತು ನಿಂತು, ಬೆರಳಿಂದ ತಳ್ಳುವ ಹಾಗಾದರೆ ಎಷ್ಟು ದಿನ ಆಡುತ್ತೀರಿ? ಒಂದು ತಿಂಗಳಲ್ಲಿ ಎಲ್ಲ ಅಟ್ಟ ಸೇರುತ್ತದೆ. ಹವ್ಯಾಸ ಬಿಟ್ಟವರಲ್ಲಿ ಬಹಳ ಜನ ಬಿಟ್ಟಿದ್ದು ಇದೇ ಕಾರಣಕ್ಕೆ, ಆಸೆ ತೀರಿ ಅಲ್ಲ.

ಮೊದಲು ಜಾಗದ ಮಾತು ಮುಗಿಸಿಬಿಡುತ್ತೇನೆ. ಎಚ್‌ಓ, ಎನ್ ಅನ್ನುವುದು ಮಾದರಿ ರೈಲಿನ ಎರಡು ಅಳತೆಗಳು. ಎಚ್‌ಓ ಅಂದರೆ 1:87, ನಿಜ ರೈಲಿನ 87ರಲ್ಲಿ ಒಂದು ಪಾಲು ಗಾತ್ರ, ಹಳಿಗಳ ನಡುವೆ 16.5 ಮಿಲಿಮೀಟರ್. ಎನ್ ಅಂದರೆ ಸಾಮಾನ್ಯವಾಗಿ 1:160, ಹಳಿಗಳ ನಡುವೆ 9 ಮಿಲಿಮೀಟರ್. ಎಚ್‌ಓ ಆರಂಭದ ಸೆಟ್‌ಗಳಲ್ಲಿ ಸಾಮಾನ್ಯವಾಗಿ 18 ಇಂಚು ತ್ರಿಜ್ಯದ ತಿರುವು ಬರುತ್ತದೆ. ಅಂದರೆ ಗಾಡಿ ಒಂದು ಸುತ್ತು ತಿರುಗಲು ಮೂರಡಿಗಿಂತ ಜಾಸ್ತಿ ಅಗಲ ಬೇಕು. ಮುಂಬೈ ಕಡೆಯ ಒನ್ ಬಿಎಚ್‌ಕೆಯಲ್ಲಿ ಮೂರೂವರೆ ಅಡಿ ಅಗಲದ ಹಲಗೆ ಎಲ್ಲಿಡುತ್ತೀರಿ? ಮಂಚದ ಕೆಳಗೂ ಹೋಗುವುದಿಲ್ಲ, ಬಾಗಿಲಲ್ಲಿ ಹೊರಳಿಸುವುದೂ ಕಷ್ಟ. ಎನ್‌ನಲ್ಲಿ ಕಾಟೊ ಕಂಪನಿಯ 249 ಅಥವಾ 282 ಮಿಲಿಮೀಟರ್ ತ್ರಿಜ್ಯದ ಹಳಿ ಸಿಗುತ್ತದೆ, ಎರಡಡಿ ಅಗಲದ ಹಲಗೆಯಲ್ಲಿ ಕೂತುಬಿಡುತ್ತದೆ. ಹಾಗಾಗಿ ಫ್ಲಾಟ್‌ನಲ್ಲಿ ಇರುವವರಿಗೆ ನನ್ನ ಓಟು ಎನ್‌ಗೆ. ಊರಲ್ಲಿ ದೊಡ್ಡ ಮನೆ, ಖಾಲಿ ಕೋಣೆ ಇದ್ದರೆ ಧಾರಾಳವಾಗಿ ಎಚ್‌ಓ ಮಾಡಿ. ಎಚ್‌ಓ ಇಂಜಿನ್ ತೂಕ ಜಾಸ್ತಿ, ಹಾಗಾಗಿ ಹಳಿಯನ್ನು ಚೆನ್ನಾಗಿ ಒತ್ತಿ ಹಿಡಿಯುತ್ತದೆ. ಹೋಲಿಸಿದರೆ ಓಡಿಸಲು ಅದೇ ಸಲೀಸು, ಅದು ನಿಜ.

ತಿರುವಿನ ತ್ರಿಜ್ಯ ಗಾಡಿಯ ಅತಿ ಉದ್ದದ ಡಬ್ಬಿಯ ಎರಡರಷ್ಟಾದರೂ ಇರಲೇಬೇಕು, ಮೂರರಷ್ಟಿದ್ದರೆ ನೆಮ್ಮದಿ. ನಮ್ಮ ಹಳೇ ನೀಲಿ ಐಸಿಎಫ್ (ಚೆನ್ನೈ ಕಾರ್ಖಾನೆಯ) ಡಬ್ಬಿ 21 ಮೀಟರ್ ಚಿಲ್ಲರೆ ಉದ್ದ. ಎಚ್‌ಓದಲ್ಲಿ ಅದು ಸುಮಾರು 24 ಸೆಂಟಿಮೀಟರ್, ಎನ್‌ನಲ್ಲಿ 13. ಈ ಲೆಕ್ಕ ಇಂಜಿನ್‌ಗೂ ಅನ್ವಯ. ಸಣ್ಣ ಲೇಔಟ್‌ಗೆ ಗಿಡ್ಡ ಇಂಜಿನ್, ಗಿಡ್ಡ ಡಬ್ಬಿಗಳೇ ಚಂದ. ಮೂರೇ ಡಬ್ಬಿ ಇದ್ದರೂ ತುಂಬಿದ ಗಾಡಿ ಥರ ಕಾಣುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಇಂಜಿನ್‌ಗೆ ಕರೆಂಟ್ ಬರುವುದು ಹಳಿಯಿಂದ, ಗಾಲಿಗಳ ಮೂಲಕ. ಎಡಗಡೆ ಹಳಿ ಒಂದು ತಂತಿ, ಬಲಗಡೆ ಹಳಿ ಇನ್ನೊಂದು ತಂತಿ ಅಂದುಕೊಳ್ಳಿ. ಗಾಲಿ ಹಳಿಯನ್ನು ಮುಟ್ಟುವ ಜಾಗ ಕೂದಲೆಳೆಯಷ್ಟು. ಅಲ್ಲಿ ಧೂಳು ಬಂದರೆ ಆ ಗಾಲಿ ಆ ಕ್ಷಣಕ್ಕೆ ಇಲ್ಲದ ಲೆಕ್ಕ. ಎಂಟು ಗಾಲಿಗಳೂ ಕರೆಂಟ್ ಎಳೆಯುವ ಇಂಜಿನ್‌ನಲ್ಲಿ ಒಂದೆರಡು ಗಾಲಿ ಕೈಕೊಟ್ಟರೂ ಉಳಿದವು ನಡೆಸಿಕೊಂಡು ಹೋಗುತ್ತವೆ. ನಾಲ್ಕೇ ಗಾಲಿಯ ಪುಟ್ಟ ಇಂಜಿನ್‌ನಲ್ಲಿ ಒಂದು ಪಕ್ಕಕ್ಕೆ ಇರುವುದೇ ಎರಡು ಗಾಲಿ. ಅದರಲ್ಲಿ ಒಂದು ಕೊಳೆಯ ಮೇಲೆ, ಇನ್ನೊಂದು ಪಾಯಿಂಟ್‌ನ ಕರೆಂಟ್ ಇಲ್ಲದ ಪ್ಲಾಸ್ಟಿಕ್ ಕ್ರಾಸಿಂಗ್ ಮೇಲೆ ಬಂದರೆ ಮುಗಿಯಿತು, ಗಾಡಿ ಅಲ್ಲೇ ಠಿಕಾಣಿ. ಅಗ್ಗದ ಆರಂಭದ ಸೆಟ್‌ಗಳಲ್ಲಿ ಹೆಚ್ಚಾಗಿ ಇರುವುದು ಇಂಥ ಪುಟ್ಟ ನಾಲ್ಕು ಗಾಲಿಯ ಇಂಜಿನ್ನೇ. "ಸಣ್ಣ ಲೇಔಟ್‌ಗೆ ಸಣ್ಣ ಇಂಜಿನ್" ಅಂತ ಅದನ್ನೇ ತರುತ್ತಾರೆ ಜನ. ಗಿಡ್ಡ ಇಂಜಿನ್ ಬೇಕು ನಿಜ, ಆದರೆ ಗಾಲಿಗಳು ಕಡಿಮೆ ಇರಬಾರದು. ಎರಡು ಬೋಗಿ (ಡಬ್ಬಿ ಅಲ್ಲ, ಇಂಜಿನ್ ಕೆಳಗೆ ಗಾಲಿಗಳನ್ನು ಹಿಡಿದು ತಿರುಗುವ ಚೌಕಟ್ಟು), ಒಂದೊಂದರಲ್ಲಿ ಎರಡು ಅಚ್ಚು, ಒಟ್ಟು ಎಂಟು ಗಾಲಿ, ಎಂಟರಿಂದಲೂ ಕರೆಂಟ್, ಎಂಟಕ್ಕೂ ಮೋಟರಿನ ಎಳೆತ. ಮೊದಲ ಇಂಜಿನ್‌ಗೆ ಇದೇ ಸರಿ.

ರಬ್ಬರ್ ಟೈರಿನ ವಿಷಯ ಇಲ್ಲೇ ಹೇಳಬೇಕು. ಎಷ್ಟೋ ಇಂಜಿನ್‌ಗಳಲ್ಲಿ ಒಂದೆರಡು ಗಾಲಿಗೆ ತೆಳ್ಳನೆಯ ರಬ್ಬರ್ ಉಂಗುರ ಹಾಕಿರುತ್ತಾರೆ. ಹಿಡಿತ ಜಾಸ್ತಿಯಾಗಿ ಹೆಚ್ಚು ಡಬ್ಬಿ ಎಳೆಯುತ್ತದೆ. ಆದರೆ ರಬ್ಬರ್ ಇರುವ ಗಾಲಿ ಕರೆಂಟ್ ಎಳೆಯುವುದಿಲ್ಲ. ಎಂಟು ಗಾಲಿಯ ಇಂಜಿನ್‌ನಲ್ಲಿ ಎರಡಕ್ಕೆ ಟೈರು ಇದ್ದರೆ ಪರವಾಗಿಲ್ಲ. ಆರು ಗಾಲಿಯ ಉಗಿ ಇಂಜಿನ್‌ನಲ್ಲಿ ಎರಡಕ್ಕೆ ಟೈರು ಅಂದರೆ ಉಳಿದದ್ದು ನಾಲ್ಕೇ ಅಲ್ವಾ? ನಾಲ್ಕು ವರ್ಷ ಕಳೆದರೆ ಆ ರಬ್ಬರ್ ಸಡಿಲವಾಗಿ ಕಳಚುತ್ತದೆ, ಬದಲಿ ಟೈರು ಸಿಗುತ್ತದೆಯಾ ಅಂತಲೂ ನೋಡಿಕೊಳ್ಳಬೇಕು. ಟೈರಿಲ್ಲದೆ ಬರೀ ತೂಕದಿಂದ ಎಳೆಯುವ ಇಂಜಿನ್ ನನಗೆ ಹೆಚ್ಚು ಇಷ್ಟ. ಲೋಹದ ಗಾಲಿಯ ಇಂಜಿನ್ ತನ್ನ ತೂಕದ ಸುಮಾರು ಕಾಲು ಭಾಗದಷ್ಟು ಬಲದಿಂದ ಎಳೆಯುತ್ತದೆ, ಅದಕ್ಕೇ ಒಳ್ಳೆ ಕಂಪನಿಗಳು ಇಂಜಿನ್ ಒಳಗೆಲ್ಲ ಲೋಹದ ಗಟ್ಟಿ ಚೌಕಟ್ಟು ತುಂಬಿರುತ್ತವೆ. ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಗುತ್ತದೆ. ಹಗುರ ಅನ್ನಿಸಿದರೆ ವಾಪಸ್ ಇಡಿ.

ಎಳೆತ ಅಂದ ಕೂಡಲೇ ನಮ್ಮವರಿಗೆ ಘಾಟು ನೆನಪಾಗುತ್ತದೆ. ಕರ್ಜತ್‌ನಲ್ಲಿ ಗಾಡಿಯ ಹಿಂದೆ ಬ್ಯಾಂಕರ್ ಇಂಜಿನ್ ಸೇರಿಸಿ ಘಾಟಿನ ಮೇಲಕ್ಕೆ ತಳ್ಳಿಕೊಂಡು ಹೋಗುವುದನ್ನು ಪುಣೆ ಓಡಾಡುವವರೆಲ್ಲ ನೋಡಿದ್ದಾರೆ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ದೂಧಸಾಗರದ ಘಾಟೂ ಅಷ್ಟೇ ಕಡಿದು. ಎರಡೂ ಕಡೆ ಏರು 37ಕ್ಕೆ 1, ಅಂದರೆ 37 ಅಡಿ ಸಾಗಿದರೆ 1 ಅಡಿ ಮೇಲಕ್ಕೆ. ಲೇಔಟ್‌ನಲ್ಲೂ ಹೀಗೆ ಏರಿಸಿ ಸೇತುವೆ ಮೇಲೆ ಗಾಡಿ ದಾಟಿಸೋಣ ಅಂತ ಆಸೆ ಬರುತ್ತದೆ, ಸಹಜ. ಲೆಕ್ಕ ಹಾಕಿ ನೋಡಿ. ಎನ್‌ನಲ್ಲಿ ಒಂದು ಗಾಡಿ ಇನ್ನೊಂದರ ಮೇಲೆ ದಾಟಲು ಸುಮಾರು 5 ಸೆಂಟಿಮೀಟರ್ ಎತ್ತರ ಬೇಕು. 37ಕ್ಕೆ 1ರ ಏರಿನಲ್ಲಿ ಅಷ್ಟು ಹತ್ತಲು 185 ಸೆಂಟಿಮೀಟರ್, ಇಳಿಯಲು ಮತ್ತೆ ಅಷ್ಟೇ. ನಾಲ್ಕಡಿಗೆ ಎರಡಡಿ ಹಲಗೆಯ ಇಡೀ ಸುತ್ತೇ ಮೂರು ಮೀಟರ್ ಆಸುಪಾಸು. ಜಾಗವೇ ಸಾಲದು. ಅದಕ್ಕಿಂತ ಕಡಿದು ಮಾಡಿದರೆ, ಅದೂ ಬಿಗಿ ತಿರುವಿನಲ್ಲಿ, ಎಂಥ ಒಳ್ಳೆ ಇಂಜಿನ್ನೂ ಎರಡು ಡಬ್ಬಿಗೇ ಗಾಲಿ ಜಾರಿಸುತ್ತದೆ. ಹಳಿ ಮಟ್ಟವಾಗಿರಲಿ, ಘಾಟನ್ನು ಹಿಂದಿನ ಗೋಡೆಗೆ ಬಣ್ಣದಲ್ಲಿ ಬರೆಯಿರಿ.

ಮೋಟರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಈಗ ಹೆಸರಾಂತ ಕಂಪನಿಗಳ ಮೋಟರ್‌ಗಳೆಲ್ಲ ಚೆನ್ನಾಗೇ ಇವೆ. ಕೇಳಬೇಕಾದ್ದು ಫ್ಲೈವೀಲ್ ಇದೆಯಾ ಅಂತ. ಮೋಟರಿನ ಎರಡೂ ತುದಿಗೆ ಹಿತ್ತಾಳೆಯ ಭಾರದ ಚಕ್ರ ಇದ್ದರೆ ಅರೆ ಕ್ಷಣ ಕರೆಂಟ್ ತಪ್ಪಿದರೂ ಅದು ತಿರುಗುತ್ತಲೇ ಇರುತ್ತದೆ, ಗಾಡಿ ಜರ್ಕ್ ಹೊಡೆಯದೆ ಸಾಗುತ್ತದೆ. ತೀರಾ ನಿಧಾನ ಹೋಗುವಾಗ ಇದರ ಸಹಾಯ ಕಡಿಮೆ. ಅಲ್ಲಿ ಮತ್ತೆ ಗಾಲಿಗಳ ಸಂಖ್ಯೆಯೇ ಕಾಪಾಡಬೇಕು.

ಕಂಪನಿ ಯಾವುದು ಅಂದರೆ, ಎನ್‌ನಲ್ಲಿ ಕಣ್ಣು ಮುಚ್ಚಿ ಹೇಳುತ್ತೇನೆ, ಜಪಾನಿನ ಕಾಟೊ. ಅವರ ಯುನಿಟ್ರ್ಯಾಕ್ ಹಳಿ ಜಲ್ಲಿಯ ಹಾಸಿನ ಸಮೇತ ಬರುತ್ತದೆ, ಕ್ಲಿಕ್ ಅಂತ ಕೂರುತ್ತದೆ, ಆಟ ಮುಗಿದ ಮೇಲೆ ಬಿಚ್ಚಿ ಪೆಟ್ಟಿಗೆಗೆ ತುಂಬಬಹುದು. ಬಾಡಿಗೆ ಮನೆಯಲ್ಲಿರುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು! ಜಪಾನಿನದೇ ಆದ ಟೋಮಿಕ್ಸ್ ಕೂಡ ಅಷ್ಟೇ ನಂಬಿಕೆಯದು. ಜಪಾನಿನ ಡಿಡಿ51 ಡೀಸೆಲ್, ಅಮೆರಿಕದ ಎನ್‌ಡಬ್ಲ್ಯೂ2 ಶಂಟಿಂಗ್ ಇಂಜಿನ್, ಇವುಗಳ ಕಾಟೊ ಮಾದರಿಗಳು ಸಣ್ಣ ಲೇಔಟ್‌ಗೆ ಹೇಳಿ ಮಾಡಿಸಿದ ಹಾಗಿವೆ. ಡಿಡಿ51ರ ಕ್ಯಾಬಿನ್ ನಟ್ಟ ನಡುವೆ ಇದೆ, ಹಾಗಾಗಿ ಯಾವ ದಿಕ್ಕಿಗೆ ಓಡಿಸಿದರೂ ಸರಿಯಾಗೇ ಕಾಣುತ್ತದೆ, ಇಂಜಿನ್ ತಿರುಗಿಸುವ ಗೋಜಿಲ್ಲ. ಎಚ್‌ಓಗೆ ಬಂದರೆ ಅಮೆರಿಕದ ಅಟ್ಲಾಸ್, ಜರ್ಮನಿಯ ಪಿಕೊ, ಆಸ್ಟ್ರಿಯಾದ ರೊಕೊ. ಬಾಕ್‌ಮನ್‌ನಲ್ಲಿ ಆರಂಭದ ಸೆಟ್‌ನಿಂದ ಹಿಡಿದು ಮೇಲಿನ ದರ್ಜೆಯವರೆಗೆ ಎಲ್ಲವೂ ಇದೆ, ಹಾಗಾಗಿ ಬರೀ ಕಂಪನಿ ಹೆಸರು ನೋಡಬೇಡಿ, ಯಾವ ದರ್ಜೆಯದು ಅಂತ ನೋಡಿ. ಬ್ರಿಟನ್ನಿನ ಹಾರ್ನ್‌ಬಿ ಇಂಜಿನ್‌ಗಳು ಓಓ, ಅಂದರೆ 1:76. ಹಳಿ ಮಾತ್ರ ಎಚ್‌ಓದಷ್ಟೇ ಅಗಲ, ಎರಡೂ ಒಂದೇ ಹಳಿ ಮೇಲೆ ಓಡುತ್ತವೆ, ಆದರೆ ಪಕ್ಕಪಕ್ಕ ನಿಲ್ಲಿಸಿದರೆ ಗಾತ್ರದ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಜರ್ಮನಿಯ ಮೆರ್ಕ್ಲಿನ್ ಗಟ್ಟಿಮುಟ್ಟು, ಪಾಯಿಂಟ್ ಮೇಲೆ ನಿಲ್ಲುವ ಕಾಟವೂ ಕಡಿಮೆ, ಯಾಕಂದರೆ ಹಳಿ ನಡುವಿನ ಸಣ್ಣ ಮೊಳೆಗಳಿಂದ ಇಂಜಿನ್ ಕೆಳಗಿನ ಉದ್ದ ಪಟ್ಟಿ ಕರೆಂಟ್ ಎಳೆಯುತ್ತದೆ. ಆದರೆ ಆ ವ್ಯವಸ್ಥೆಯೇ ಬೇರೆ. ಅದಕ್ಕೆ ಕಾಲಿಟ್ಟರೆ ಹಳಿ, ಇಂಜಿನ್, ಡಬ್ಬಿ ಎಲ್ಲ ಅದರದ್ದೇ ಆಗಬೇಕು.

"ಇದೆಲ್ಲ ಪರದೇಶದ ಇಂಜಿನ್, ನಮ್ಮದೇ ಬೇಕಲ್ಲ" ಅಂತ ನೀವು ಅನ್ನುತ್ತೀರಿ. ನನಗೂ ಬೇಕು. ನಮ್ಮ ರೈಲ್ವೆಯ ಹಳೇ ಡೀಸೆಲ್ ಇಂಜಿನ್ ಡಬ್ಲ್ಯೂಡಿಎಂ2 ಶಬ್ದ ಕೇಳಿ ಬೆಳೆದವರು ನಾವು. ಆದರೆ ನಮ್ಮ ಇಂಜಿನ್‌ಗಳ ನೆಂಟರು ಅಲ್ಲೇ ಇದ್ದಾರೆ. ಡಬ್ಲ್ಯೂಡಿಎಂ2 ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ, 1962ರಲ್ಲಿ ಮೊದಲು ಬಂದವು ಅಲ್ಲಿಂದಲೇ, ಆಮೇಲೆ ವಾರಾಣಸಿಯಲ್ಲಿ ಕಟ್ಟಿದರು. ಆಲ್ಕೊ ಇಂಜಿನ್‌ಗಳ ಮಾದರಿಗಳು ಎನ್‌ನಲ್ಲೂ ಎಚ್‌ಓದಲ್ಲೂ ಸಿಗುತ್ತವೆ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಜಿ4 ಇಎಂಡಿ ಕಂಪನಿಯ ವಿನ್ಯಾಸದ್ದು, ಅಮೆರಿಕದ ಎಸ್‌ಡಿ70 ಸಾಲಿಗೆ ತೀರಾ ಹತ್ತಿರದ್ದು. ಮುಂಬೈ-ಪುಣೆ ಘಾಟಿನಲ್ಲಿ ಓಡುತ್ತಿದ್ದ, ಜನ 'ಖೇಕಡಾ' (ಏಡಿ) ಅಂತ ಕರೆಯುತ್ತಿದ್ದ ಡಬ್ಲ್ಯೂಸಿಜಿ1 ವಿದ್ಯುತ್ ಇಂಜಿನ್ ಸ್ವಿಸ್ 'ಮೊಸಳೆ' ಇಂಜಿನ್ ಬಳಗದ್ದು. ಇನ್ನು ಮೇಲಿನ ಮೈ ಮಾತ್ರ ತ್ರೀಡಿ ಪ್ರಿಂಟ್ ಮಾಡಿಸಿ ಕಾಟೊ ಥರದ ಒಳ್ಳೆ ಚಾಸಿ (ಗಾಲಿ, ಮೋಟರ್ ಇರುವ ಕೆಳಭಾಗ) ಮೇಲೆ ಕೂರಿಸುವವರೂ ಇದ್ದಾರೆ. ನನ್ನ ಪ್ರಕಾರ ಇದೇ ಸರಿಯಾದ ದಾರಿ. ಚಾಸಿ ಚೆನ್ನಾಗಿದ್ದರೆ ಮೈಯನ್ನು ಇವತ್ತಲ್ಲ ನಾಳೆ ಬದಲಿಸಬಹುದು. ಮೈ ಚೆಂದ ಇದ್ದು ಚಾಸಿ ಕೆಟ್ಟದ್ದಾದರೆ ಶೋಕೇಸಿನಲ್ಲಿಡಬೇಕು ಅಷ್ಟೇ. ಒಂದು ಎಚ್ಚರ: ಡಬ್ಲ್ಯೂಡಿಎಂ2, ಡಬ್ಲ್ಯೂಡಿಜಿ4 ಎರಡಕ್ಕೂ ಬೋಗಿಗೆ ಮೂರು ಅಚ್ಚು. ಎನ್‌ನಲ್ಲಿ ಇದು ನಡೆಯುತ್ತದೆ, ಎಚ್‌ಓದ 18 ಇಂಚು ತಿರುವಿನಲ್ಲಿ ಕೆಲವು ಉದ್ದನೆಯ ಮಾದರಿಗಳು ತಿಣುಕುತ್ತವೆ. ಡಬ್ಬದ ಮೇಲೆ ಕನಿಷ್ಠ ತ್ರಿಜ್ಯ ಬರೆದಿರುತ್ತದೆ, ಓದಿ.

ಉಗಿ ಇಂಜಿನ್ ಮೊದಲನೆಯದಾಗಿ ಬೇಡ. ಚೆಂದ, ಒಪ್ಪುತ್ತೇನೆ. ಆದರೆ ಪಕ್ಕದ ಸಲಾಕೆಗಳು ನಾಜೂಕು, ಮಕ್ಕಳ ಕೈಗೆ ಸಿಕ್ಕರೆ ಬಾಗುತ್ತವೆ. ಬೇಕೇ ಬೇಕು ಅಂದರೆ ಹಿಂದಿನ ಟೆಂಡರಿನ (ಕಲ್ಲಿದ್ದಲು, ನೀರಿನ ಡಬ್ಬಿ) ಗಾಲಿಗಳಿಂದಲೂ ಕರೆಂಟ್ ಎಳೆಯುವುದನ್ನೇ ನೋಡಿ.

ಕರೆಂಟಿನ ವಿಷಯದಲ್ಲಿ ಹುಷಾರು. ಜಪಾನಿನಲ್ಲಿ ಮನೆ ಕರೆಂಟ್ 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ಅಲ್ಲಿಂದ ಬಂದ ನೆಂಟರು ಪ್ರೀತಿಯಿಂದ ಸೆಟ್ ತಂದುಕೊಡುತ್ತಾರೆ, ನಾವು ಪಿನ್ ಬದಲಿಸಿ ಗೋಡೆಗೆ ಚುಚ್ಚಿದರೆ ಹಳಿಗೆ ಕರೆಂಟ್ ಕೊಡುವ ಪವರ್ ಪ್ಯಾಕ್ ಸುಟ್ಟುಹೋಗುತ್ತದೆ. ಪ್ಯಾಕಿನ ಹಿಂದೆ ಏನು ಬರೆದಿದೆ ಅಂತ ಓದಿ, 100 ಅಥವಾ 120 ಅಂತಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ. ಡಿಸಿಸಿ, ಅಂದರೆ ಒಂದೇ ಹಳಿ ಮೇಲಿನ ಒಂದೊಂದು ಇಂಜಿನ್‌ಗೂ ಬೇರೆ ಬೇರೆ ಆದೇಶ ಕೊಡುವ ಡಿಜಿಟಲ್ ವ್ಯವಸ್ಥೆ, ಮೊದಲ ದಿನವೇ ಬೇಕಿಲ್ಲ. ಒಂದೇ ಇಂಜಿನ್ ಓಡಿಸಲು ಸಾದಾ 12 ವೋಲ್ಟ್ ಡಿಸಿ ಸಾಕು. ಆದರೆ ಇಂಜಿನ್ ತಗೊಳ್ಳುವಾಗ ಒಳಗೆ ಡಿಕೋಡರ್ (ಆ ಆದೇಶ ಓದುವ ಸಣ್ಣ ಸರ್ಕ್ಯೂಟ್) ಕೂರಿಸುವ ಜಾಗ ಬಿಟ್ಟಿದ್ದಾರಾ ಅಂತ ಕೇಳಿ. ಮುಂದೆ ಡಿಸಿಸಿಗೆ ಹೋದರೆ, ಎಷ್ಟೋ ಡಿಕೋಡರ್‌ಗಳಿಗೆ ಸಣ್ಣ ಕೆಪಾಸಿಟರ್ ಜೋಡಿಸಬಹುದು. ಒಂದೆರಡು ಸೆಕೆಂಡ್ ಕರೆಂಟ್ ತಪ್ಪಿದರೂ ಇಂಜಿನ್ ನಿಲ್ಲುವುದಿಲ್ಲ.

ಹಾಗೆಯೇ, ಇಂಜಿನ್ ಎಷ್ಟೇ ಒಳ್ಳೆಯದಿರಲಿ ನಮ್ಮ ಮುಂಬೈ ಹವೆ ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಉಕ್ಕಿನ ಹಳಿ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಹಳಿ ಕಪ್ಪಾಗಿ ಕರೆಂಟ್ ತಡೆಯುತ್ತದೆ. ನಿಕಲ್ ಸಿಲ್ವರ್ ಹಳಿಯನ್ನೇ ತಗೊಳ್ಳಿ. ಅದರಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕಲ್, ಸತುವಿನ ಮಿಶ್ರಣ, ಮಾಸಿದರೂ ಕರೆಂಟಿಗೆ ಅಷ್ಟು ಅಡ್ಡಿ ಮಾಡುವುದಿಲ್ಲ. ಒನ್ ಬಿಎಚ್‌ಕೆಯಲ್ಲಿ ಇನ್ನೊಂದು ಶತ್ರು ಒಗ್ಗರಣೆ. ಅಡುಗೆಮನೆಯಿಂದ ಬರುವ ಎಣ್ಣೆ ಹಬೆ ಹಾಲ್‌ನಲ್ಲಿರುವ ಹಳಿ ಮೇಲೆ ತೆಳ್ಳಗೆ ಕೂರುತ್ತದೆ, ಅದರ ಮೇಲೆ ಫ್ಯಾನಿನ ಧೂಳು, ದೇವರ ಮುಂದಿನ ಊದುಬತ್ತಿ ಹೊಗೆ. ಗಾಲಿ ಅದನ್ನೆಲ್ಲ ಮೆತ್ತಿಕೊಂಡು ಕಪ್ಪು ಪಟ್ಟಿ ಮಾಡಿಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿ ಬಟ್ಟೆಯಿಂದ ಹಳಿ ಒರೆಸಿ, ಗಾಲಿಗೂ ಅದೇ. ಕಿಟಕಿ ತೆಗೆದಿಡಿ, ಗ್ಯಾಸ್ ಉರಿಯುತ್ತಿರುವಾಗ ಬೇಡ. ಸ್ಯಾಂಡ್‌ಪೇಪರ್ ಅಂತೂ ಮುಟ್ಟಿಸಲೇಬೇಡಿ, ಗೀರು ಬಿದ್ದ ಹಳಿಯಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಮಳೆಗಾಲದಲ್ಲಿ ಇಂಜಿನ್ನನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಆದರೆ ನಾಲ್ಕು ತಿಂಗಳು ಸುಮ್ನೆ ಮಲಗಿಸಬೇಡಿ. ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ.

ಅಂಗಡಿಯಲ್ಲಿ, ಅಥವಾ ಸೆಕೆಂಡ್ ಹ್ಯಾಂಡ್ ಮಾರುವವರ ಮನೆಯಲ್ಲಿ, ಇಂಜಿನ್ ಜೋರಾಗಿ ಓಡಿಸಿ ತೋರಿಸಿದರೆ ಮರುಳಾಗಬೇಡಿ. ಜೋರಾಗಿ ಎಲ್ಲವೂ ಓಡುತ್ತವೆ. ಇರುವೆ ಹರಿದ ಹಾಗೆ ಓಡಿಸಿ ಅನ್ನಿ, ಎರಡೂ ದಿಕ್ಕಿಗೆ, ಪಾಯಿಂಟ್ ಮೇಲೆ. ದೀಪ ಮಿಣುಕುತ್ತಿದೆಯಾ ನೋಡಿ. ಮಿಣುಕಿದರೆ ಎಲ್ಲೋ ಕರೆಂಟ್ ತಪ್ಪುತ್ತಿದೆ. ಇನ್ನೊಂದು ಸುಲಭದ ಪರೀಕ್ಷೆ ಇದೆ. ಹಳಿ ಮೇಲೆ ಕಾಗದದ ಉದ್ದ ಪಟ್ಟಿ ಹಾಸಿ ಇಂಜಿನ್ ಅದರ ಕಡೆಗೆ ನಿಧಾನಕ್ಕೆ ಬಿಡಿ. ಮುಂದಿನ ಬೋಗಿ ಕಾಗದ ಹತ್ತಿದರೂ ಹಿಂದಿನ ಬೋಗಿಯ ಕರೆಂಟಿನಲ್ಲೇ ಇಂಜಿನ್ ಮುಂದೆ ಸಾಗಬೇಕು, ಹಿಂದಿನದೂ ಕಾಗದ ಹತ್ತಿದ ಮೇಲಷ್ಟೇ ನಿಲ್ಲಬೇಕು. ಮುಂದಿನ ಗಾಲಿ ಹತ್ತಿದ ಕೂಡಲೇ ನಿಂತರೆ ಹಿಂದಿನ ಗಾಲಿಗಳು ಕರೆಂಟ್ ಎಳೆಯುತ್ತಿಲ್ಲ. ತಿರುಗಿಸಿ ಇನ್ನೊಂದು ಕಡೆಯಿಂದಲೂ ಮಾಡಿ. ಹಳೇ ಇಂಜಿನ್ ಆದರೆ ಕಿವಿಯನ್ನೂ ಕೊಡಿ. ಗಾಲಿ ಒಂದು ಸುತ್ತು ಹಾಕಿದಾಗೊಮ್ಮೆ ಟಿಕ್ ಅಂತ ಶಬ್ದ ಬಂದರೆ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿದೆ ಅಂತ ಅರ್ಥ. ಬದಲಿ ಗೇರ್ ಸಿಗುವುದಾದರೆ ಮಾತ್ರ ತಗೊಳ್ಳಿ. ವರ್ಷಗಟ್ಟಲೆ ಕೂತಿದ್ದ ಇಂಜಿನ್‌ನಲ್ಲಿ ಗ್ರೀಸ್ ಮೇಣವಾಗಿರುತ್ತದೆ. ಅದು ದೊಡ್ಡ ದೋಷವಲ್ಲ, ಹಳೆಯದನ್ನು ಒರೆಸಿ ಪ್ಲಾಸ್ಟಿಕ್‌ಗೆ ಹಾನಿ ಮಾಡದ ಎಣ್ಣೆ ಒಂದೊಂದೇ ಹನಿ ಹಾಕಿದರೆ ಹೊಸದರ ಹಾಗೆ ಓಡುತ್ತದೆ. ತೆಂಗಿನೆಣ್ಣೆ ಬೇಡ, ಅದೂ ಅಂಟಾಗುತ್ತದೆ.

ಕೊಳ್ಳುವ ಮುಂಚೆ ಒಂದು ಭಾನುವಾರ ಪುಣೆಗೆ ಹೋಗಿ ಬನ್ನಿ. ಕೊಥ್ರೂಡ್‌ನಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ, 1998ರಿಂದ. ಭಾವು ಜೋಶಿಯವರು ಕಟ್ಟಿದ್ದು. ಸಿಗ್ನಲ್, ಊರು, ಗುಡ್ಡ ಎಲ್ಲ ಇರುವ ದೊಡ್ಡ ಲೇಔಟ್. ಮಕ್ಕಳು ದೀಪ ನೋಡಲಿ, ನೀವು ಗಾಲಿ ನೋಡಿ. ಯಾವ ಇಂಜಿನ್ ಪಾಯಿಂಟ್ ಮೇಲೆ ಹೇಗೆ ದಾಟುತ್ತದೆ ಅಂತ ಗಮನಿಸಿದರೆ ಈ ಬರಹಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ದುಡ್ಡಿನ ಮಾತು ಕೊನೆಗೆ. ಹೊರದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕ ಸೇರಿ ಬೆಲೆ ಏರುತ್ತದೆ. ಅದೇ ದುಡ್ಡಿಗೆ ಮೂರು ಅಗ್ಗದ ಇಂಜಿನ್ ಬರುತ್ತವೆ ಅನ್ನಿಸುತ್ತದೆ. ಬೇಡ, ಒಂದೇ ತಗೊಳ್ಳಿ, ಒಳ್ಳೆಯದು ತಗೊಳ್ಳಿ, ಅದರ ಜೊತೆಗೇ ಬದಲಿ ಕಪ್ಲರ್ (ಡಬ್ಬಿ ಜೋಡಿಸುವ ಕೊಕ್ಕೆ), ಟೈರು ಇದ್ದರೆ ಟೈರು, ಮೋಟರ್ ಬ್ರಶ್ಶು ಬಿಡಿಯಾಗಿ ಸಿಗುವುದಾದರೆ ಅದನ್ನೂ ತರಿಸಿಬಿಡಿ, ಆಮೇಲೆ ಒಂದು ಸಣ್ಣ ತುಂಡಿಗೆ ಮತ್ತೆ ಸಾಗಣೆ ಖರ್ಚು ಕೊಡುವುದು ತಪ್ಪುತ್ತದೆ. ಎರಡನೇ ಇಂಜಿನ್ ಒಂದು ಮಳೆಗಾಲ ಕಳೆದ ಮೇಲೆ ನೋಡೋಣ. ಡೊಂಬಿವಲಿ, ಕಲ್ಯಾಣ, ಠಾಣೆ ಕಡೆಯವರು ಯಾರಾದರೂ ಸೆಕೆಂಡ್ ಹ್ಯಾಂಡ್ ಇಂಜಿನ್ ನೋಡಿದ್ದರೆ, ದುಡ್ಡು ಕೊಡುವ ಮುಂಚೆ ನನ್ನ ಹಲಗೆ ಮೇಲೆ ಓಡಿಸಿ ನೋಡಲು ತನ್ನಿ. ಎನ್ ಮಾತ್ರ, ಎಚ್‌ಓಗೆ ನನ್ನಲ್ಲಿ ಹಳಿ ಇಲ್ಲ. ಕಾಗದದ ಪಟ್ಟಿ ನಾನೇ ಕೊಡುತ್ತೇನೆ.